ಲಾಭ ಕಟ್ಟಿದ ಊರು, ನಷ್ಟ ಉಳಿಸಿದ ಊರು: ಮೇ ಕೊನೆಯ ಟಾಲಿನ್



ಇವತ್ತಿನ ಸಂಚಿಕೆ ಒಂದು ತಪ್ಪಿನಿಂದ ಶುರು ಮಾಡ್ತೀನಿ. ಮೇ ಕೊನೆಯ ವಾರ. ಎಸ್ಟೋನಿಯಾದ ರಾಜಧಾನಿ ಟಾಲಿನ್. ನಾನು ಹಳೇ ಊರಿನ ಗಲ್ಲಿಗಳಲ್ಲಿ ಫೋಟೋ ತೆಗೀತಾ ಅಲೀತಾ ಇದ್ದೆ. ಗೋಡೆ ಮೇಲೆ ಹೊನ್ನಿನ ಬಣ್ಣದ ಬಿಸಿಲು, ಆಕಾಶ ಪೂರ್ತಿ ನೀಲಿ. ಸಂಜೆ ಆರು ಇರಬಹುದು, ಇನ್ನೊಂದು ಸುತ್ತು ಹಾಕಿ ಊಟಕ್ಕೆ ಹೋಗೋಣ ಅಂದ್ಕೊಂಡೆ. ಹೋಟೆಲಿಗೆ ಹೋದರೆ ಅಡುಗೆಮನೆ ಮುಚ್ಚಿಯಾಗಿದೆ ಅಂದ್ರು. ಫೋನ್ ನೋಡಿದೆ. ರಾತ್ರಿ ಒಂಬತ್ತೂಮುಕ್ಕಾಲು! ಆ ದಿನದ ಊಟ, ಸೂಪರ್‌ಮಾರ್ಕೆಟ್‌ನಿಂದ ತಂದ ಕಪ್ಪು ರೈ ಬ್ರೆಡ್ಡು, ಮೇಲೆ ಚಾಕೊಲೇಟ್ ಹಚ್ಚಿದ ಸಿಹಿ ಗಿಣ್ಣಿನ ತುಂಡು. ಅದಕ್ಕೆ ಅಲ್ಲಿ ಕೊಹುಕೆ ಅಂತಾರೆ. ಚೆನ್ನಾಗಿತ್ತು, ಸುಳ್ಳು ಹೇಳಲ್ಲ.

ಯಾಕೆ ಹೀಗಾಯ್ತು ಅಂದ್ರೆ, ಟಾಲಿನ್ ಇರೋದು ಭೂಮಿಯ 59ನೇ ಉತ್ತರ ಅಕ್ಷಾಂಶ ದಾಟಿ. ನಮ್ಮ ಬೆಂಗಳೂರು 13ರ ಹತ್ತಿರ. ನಮ್ಮಲ್ಲಿ ವರ್ಷಪೂರ್ತಿ ಹಗಲಿನ ಉದ್ದ ಅಷ್ಟೇನೂ ಬದಲಾಗಲ್ಲ, ಆರೂವರೆಗೆ ಕತ್ತಲು ಅನ್ನೋದು ಮೈಗೆ ಅಭ್ಯಾಸ ಆಗಿಬಿಟ್ಟಿರುತ್ತೆ. ಅಲ್ಲಿ ಮೇ ಕೊನೆಗೆ ಸೂರ್ಯ ಮುಳುಗೋದು ರಾತ್ರಿ ಹತ್ತು ದಾಟಿದ ಮೇಲೆ. ಮತ್ತೆ ಹುಟ್ಟೋದು ಬೆಳಗಿನ ಜಾವ ನಾಲ್ಕೂಕಾಲರ ಆಸುಪಾಸು. ನಡುವೆಯೂ ಪೂರ್ತಿ ಕತ್ತಲು ಅನ್ನೋದು ಆಗೋದೇ ಇಲ್ಲ, ಉತ್ತರದ ಅಂಚಿನಲ್ಲಿ ಒಂದು ತಿಳಿ ಬೆಳಕು ಉಳಿದೇ ಇರುತ್ತೆ. ಆದರೆ ಬಿಸಿಲು ನೋಡಿ ಮೋಸ ಹೋಗಬೇಡಿ. ಕಡಲ ಗಾಳಿ ಬೀಸಿದ್ರೆ ಮೇ ತಿಂಗಳಲ್ಲೂ ಜಾಕೆಟ್ ಬೇಕೇ ಬೇಕು.

ಈ ಬೆಳಕಿನ ರಾತ್ರಿಗಳ ವಿಷಯಕ್ಕೆ ಸಂಚಿಕೆಯ ಕೊನೆಯಲ್ಲಿ ವಾಪಸ್ ಬರ್ತೀನಿ. ಯಾಕಂದ್ರೆ ಈ ದೇಶದ ಸ್ವಾತಂತ್ರ್ಯಕ್ಕೂ ಅದಕ್ಕೂ ಸಂಬಂಧ ಇದೆ. ಅದಕ್ಕೆ ಮೊದಲು ನನ್ನನ್ನ ಕಾಡಿದ ಪ್ರಶ್ನೆ ಬೇರೆ. ಯೂರೋಪಿನಲ್ಲಿ ಎಷ್ಟೋ ಊರುಗಳು ಯುದ್ಧಕ್ಕೆ, ಬೆಂಕಿಗೆ, ಬುಲ್ಡೋಜರ್‌ಗೆ ಹೋದವು. 600 ವರ್ಷದ ಹಿಂದಿನ ಈ ಊರು ಹೇಗೆ ಉಳೀತು? ನಾನು ಓದಿದ್ದು ಬಿ.ಕಾಂ. ಹಾಗಾಗಿ ಕೋಟೆ ನೋಡಿದ್ರೂ ನಂಗೆ ಮೊದಲು ಹೊಳೆಯೋದು, ಇದಕ್ಕೆ ದುಡ್ಡು ಯಾರು ಹಾಕಿದ್ರು ಅಂತ. ಟಾಲಿನ್ ಅರ್ಥ ಆಗೋಕೆ ಇದೇ ಸರಿಯಾದ ಬಾಗಿಲು ಅನ್ನಿಸ್ತು.

ಉಪ್ಪಿನ ಲೆಕ್ಕ

ಊರಿನ ನಡುಮಧ್ಯೆ ಒಂದು ಚೌಕ ಇದೆ, ರಾಯೆಕೋಯಾ ಪ್ಲಾಟ್ಸ್. ಅಂದ್ರೆ ಪುರಭವನದ ಚೌಕ. ಅಲ್ಲಿರೋ ಗೋಥಿಕ್ ಶೈಲಿಯ ಪುರಭವನ ಕಟ್ಟಿ ಮುಗಿಸಿದ್ದು 1404ರಲ್ಲಿ. ಅದೇ ಚೌಕದ ಇನ್ನೊಂದು ಮೂಲೆಯಲ್ಲಿ ಒಂದು ಔಷಧಿ ಅಂಗಡಿ ಇದೆ. 1422ರ ದಾಖಲೆಯಲ್ಲೇ ಅದರ ಹೆಸರಿದೆ. ಈಗಲೂ ಅಲ್ಲೇ ಔಷಧಿ ಸಿಗುತ್ತೆ. ನಾನು ಶೀತಕ್ಕೆ ಲೋಜೆಂಜಸ್ ತಗೊಂಡೆ, 600 ವರ್ಷದ ಅಂಗಡಿಯಿಂದ ಅಂತ ಅಮ್ಮನಿಗೆ ಫೋಟೋ ಕಳ್ಸಿದೆ.

ಆದರೆ ನಾನು ಹುಡುಕಿದ್ದು ಅಲ್ಲಿ ಈಗ ಇಲ್ಲದ ಕಟ್ಟಡವನ್ನ. ಹಿಂದೆ ಈ ಚೌಕದಲ್ಲಿ ತೂಕದ ಮನೆ ಇತ್ತು. ನಮ್ಮ ಎಪಿಎಂಸಿ ಯಾರ್ಡಿನ ತೂಕದ ಕಟ್ಟೆ ನೆನಪಿಸಿಕೊಳ್ಳಿ. ಊರಿಗೆ ಬರೋ ಸರಕು ಅಲ್ಲಿ ತೂಗಬೇಕು, ಲೆಕ್ಕ ಬರೀಬೇಕು. 1944ರ ಬಾಂಬ್ ದಾಳಿಯಲ್ಲಿ ಆ ಕಟ್ಟಡ ಹೋಯ್ತು. ಪುರಭವನ ಉಳೀತು, ತಕ್ಕಡಿ ಹೋಯ್ತು. ಊರಿನ ಅಸಲಿ ಹೃದಯ ಇದ್ದಿದ್ದು ಆ ತಕ್ಕಡಿಯಲ್ಲೇ ಅಂತ ನನ್ನ ಅಭಿಪ್ರಾಯ.

ತೂಗ್ತಾ ಇದ್ದಿದ್ದು ಏನು? ಮುಖ್ಯವಾಗಿ ಉಪ್ಪು. ಹೌದು, ಉಪ್ಪಿಗಿಂತ ರುಚಿಯಿಲ್ಲ ಅಂತೀವಲ್ಲ, ಅದೇ ಉಪ್ಪು. ಫ್ರಿಜ್ ಇಲ್ಲದ ಕಾಲ. ಆರು ತಿಂಗಳು ಹಿಮ ಬೀಳೋ ನಾಡಲ್ಲಿ ಮೀನು, ಮಾಂಸ ಕೆಡದೆ ಇರಬೇಕು ಅಂದ್ರೆ ಉಪ್ಪು ಹಾಕಲೇಬೇಕು. ಬಾಲ್ಟಿಕ್ ಸಮುದ್ರದ ನೀರಲ್ಲಿ ಉಪ್ಪಿನಂಶ ತುಂಬಾ ಕಡಿಮೆ, ಬಿಸಿಲೂ ಸಾಲದು, ಅಲ್ಲೇ ಉಪ್ಪು ತೆಗೆಯೋದು ಕಷ್ಟ. ಹಾಗಾಗಿ ಮೊದಲು ಜರ್ಮನಿಯ ಲ್ಯೂನೆಬರ್ಗ್‌ನಿಂದ, ಆಮೇಲೆ ಫ್ರಾನ್ಸಿನ ಪಶ್ಚಿಮ ಕರಾವಳಿಯಿಂದ ಹಡಗು ಹಡಗು ಉಪ್ಪು ಬರ್ತಿತ್ತು. ಅದರ ಜೊತೆ ಬಟ್ಟೆ ಮತ್ತು ಹೆರ್ರಿಂಗ್ ಮೀನು. ಪೂರ್ವದಲ್ಲಿ ರಷ್ಯಾದ ನವ್ಗೊರೊದ್ ಪಟ್ಟಣದಿಂದ ತುಪ್ಪಳ ಮತ್ತು ಜೇನುಮೇಣ ಬರ್ತಿತ್ತು. ಯೂರೋಪಿನ ಚರ್ಚುಗಳಲ್ಲಿ ಮೇಣದ ಬತ್ತಿಗೆ ಅಷ್ಟು ಬೇಡಿಕೆ. ಎರಡೂ ದಾರಿ ಕೂಡೋ ಜಾಗದಲ್ಲಿ ಟಾಲಿನ್ ಕೂತಿತ್ತು. ಆಗ ಅದರ ಹೆಸರು ರೆವಾಲ್.

ಈ ವ್ಯಾಪಾರವನ್ನ ನಡೆಸ್ತಾ ಇದ್ದಿದ್ದು ಹನ್ಸಾ ಅನ್ನೋ ವ್ಯಾಪಾರಿ ಪಟ್ಟಣಗಳ ಒಕ್ಕೂಟ. ಅದಕ್ಕೆ ರಾಜ ಇರಲಿಲ್ಲ. ಸಂಬಳ ತಗೊಳ್ಳೋ ಸೇನೆಯೂ ಇರಲಿಲ್ಲ. ಲ್ಯೂಬೆಕ್ ಅದರ ದೊಡ್ಡಣ್ಣ. 1248ರಲ್ಲೇ ಡೆನ್ಮಾರ್ಕಿನ ರಾಜ ರೆವಾಲ್‌ಗೆ ಲ್ಯೂಬೆಕ್‌ನ ಕಾನೂನನ್ನ ಕೊಟ್ಟಿದ್ದ. ಅಂದ್ರೆ ಬಾಲ್ಟಿಕ್ ದಡದಲ್ಲಿ ಯಾವ ಊರಿಗೆ ಹೋದ್ರೂ ಸಾಲ, ಪಾಲುದಾರಿಕೆ, ಆಸ್ತಿ, ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ನಿಯಮ. ಬೇರೆ ಊರಿನ ವ್ಯಾಪಾರಿ ನಂಬಿ ಸರಕು ಕಳಿಸೋಕೆ ಬೇಕಾಗಿದ್ದು ಅದೇ. ಜೊತೆಗೆ ದಾರಿಯಲ್ಲಿ ಹೋಗೋ ಸರಕು ಇಲ್ಲಿ ಇಳಿಸಲೇಬೇಕು, ಇಲ್ಲಿನವರಿಗೆ ಮಾರಾಟಕ್ಕೆ ಇಡಲೇಬೇಕು ಅನ್ನೋ ಹಕ್ಕೂ ಸಿಕ್ಕಿತು. ಇವತ್ತಿನ ಆ್ಯಪ್ ಕಂಪನಿಗಳ ಭಾಷೆಯಲ್ಲಿ ಹೇಳೋದಾದ್ರೆ, ಪ್ಲಾಟ್‌ಫಾರ್ಮ್ ನಮ್ಮದು, ಕಮಿಷನ್ ನಮ್ಮದು.

ಇದು ಪುಸ್ತಕದ ಮಾತಲ್ಲ, ಕಣ್ಣಿಗೇ ಕಾಣುತ್ತೆ. ಪಿಕ್ ಅನ್ನೋ ಉದ್ದನೆ ಬೀದಿಯಲ್ಲಿ ನಡೀವಾಗ ತಲೆ ಎತ್ತಿ ನೋಡಿ. ಚೂಪು ಮಾಡಿನ ಹಳೇ ಮನೆಗಳ ತುದಿಯಲ್ಲಿ ಒಂದು ಮರದ ತೊಲೆ ಹೊರಗೆ ಚಾಚಿರುತ್ತೆ. ಅದು ರಾಟೆ ಕಟ್ಟೋಕೆ. ಕೆಳಗೆ ಅಂಗಡಿ ಮತ್ತು ಮನೆ, ಮೇಲಿನ ಮಹಡಿಗಳೆಲ್ಲ ಗೋದಾಮು. ಅಲ್ಲೇ ದೊಡ್ಡ ವ್ಯಾಪಾರಿಗಳ ಸಂಘದ ಭವನ ಇದೆ, 1410ರದ್ದು, ಈಗ ಇತಿಹಾಸದ ಮ್ಯೂಸಿಯಂ. ಸ್ವಲ್ಪ ಮುಂದೆ ಬ್ಲ್ಯಾಕ್‌ಹೆಡ್ಸ್ ಭವನ. ಇದು ಮದುವೆ ಆಗದ ವ್ಯಾಪಾರಿಗಳ ಸಂಘ! ಮದುವೆ ಆಗಿ ಊರಲ್ಲಿ ನೆಲೆ ನಿಂತ್ರೆ ಮಾತ್ರ ದೊಡ್ಡ ಸಂಘಕ್ಕೆ ಬಡ್ತಿ. ಇಪ್ಪತ್ತೆಂಟು ದಾಟಿದ, ಮನೇಲಿ ದಿನಾ ಜಾತಕದ ಮಾತು ಕೇಳೋ ನಾನು ಆ ಬಾಗಿಲ ಮುಂದೆ ಸ್ವಲ್ಪ ಹೊತ್ತು ಜಾಸ್ತಿನೇ ನಿಂತೆ.

ನಷ್ಟ ಮಾಡಿದ ಉಪಕಾರ

ಸರಿ, ಲಾಭ ಊರು ಕಟ್ಟಿತು. ಉಳಿಸಿದ್ದು ಯಾರು? ಉತ್ತರ ವಿಚಿತ್ರ. ಬಹುಮಟ್ಟಿಗೆ ನಷ್ಟ.

1494ರಲ್ಲಿ ಮಾಸ್ಕೋದ ಮೂರನೇ ಇವಾನ್ ನವ್ಗೊರೊದ್‌ನಲ್ಲಿದ್ದ ಹನ್ಸಾ ಕೋಠಿಯನ್ನ ಮುಚ್ಚಿಸಿದ. 1558ರಲ್ಲಿ ಲಿವೋನಿಯಾ ಯುದ್ಧ ಶುರುವಾಯ್ತು, 1561ರಲ್ಲಿ ಊರು ಸ್ವೀಡನ್ ಕೈಗೆ ಹೋಯ್ತು. 1703ರಲ್ಲಿ ಪೀಟರ್ ಮಹಾಶಯ ಸೇಂಟ್ ಪೀಟರ್ಸ್‌ಬರ್ಗ್ ಕಟ್ಟೋಕೆ ಶುರು ಮಾಡಿದ, ಪೂರ್ವದ ವ್ಯಾಪಾರ ಅತ್ತ ತಿರುಗಿತು. 1710ರಲ್ಲಿ ಪ್ಲೇಗಿನಿಂದ ಅರ್ಧ ಸತ್ತಿದ್ದ ಊರು ರಷ್ಯಾಕ್ಕೆ ಶರಣಾಯ್ತು. ವ್ಯಾಪಾರ ಪೂರ್ತಿ ನಿಂತುಹೋಯ್ತು ಅಂತಲ್ಲ. ಆದರೆ ಹಳೇ ವೈಭವ ಮತ್ತೆ ಬರಲಿಲ್ಲ.

ಈಗ ಯೋಚ್ನೆ ಮಾಡಿ. ದುಡ್ಡು ಹರೀತಾ ಇದ್ದ ಊರುಗಳಲ್ಲಿ ಏನಾಗುತ್ತೆ? ಹಳೇ ಮನೆ ಕೆಡವಿ ಹೊಸದು ಕಟ್ತಾರೆ, ಬೀದಿ ಅಗಲ ಮಾಡ್ತಾರೆ, ಕೋಟೆ ಗೋಡೆ ಒಡೆದು ರಸ್ತೆ ಮಾಡ್ತಾರೆ. ನಮ್ಮ ಕಣ್ಣೆದುರೇ ನಡೀತಾ ಇರೋದು ಅದೇ ಅಲ್ವಾ? ಟಾಲಿನ್ನಿನಲ್ಲಿ ಅದಕ್ಕೆ ದುಡ್ಡೇ ಇರಲಿಲ್ಲ. 1870ರಲ್ಲಿ ಪೀಟರ್ಸ್‌ಬರ್ಗ್ ಕಡೆಯಿಂದ ರೈಲು ಬಂತು, ಕಾರ್ಖಾನೆಗಳು ಬಂದವು. ಅಷ್ಟರಲ್ಲಿ ಅವು ಗೋಡೆಯ ಹೊರಗೆ ಜಾಗ ಹುಡುಕಿಕೊಂಡಿದ್ದವು. ರೈಲು ನಿಲ್ದಾಣದ ಆಚೆ ಕಲಮಾಯಾ ಅನ್ನೋ ಬಡಾವಣೆಯಲ್ಲಿ ಕಾರ್ಮಿಕರಿಗೆ ಅಂತ ಕಟ್ಟಿದ ಮರದ ಮನೆಗಳು ಸಾಲುಸಾಲಾಗಿ ಇವೆ. ಮೇ ಕೊನೆಗೆ ಅವುಗಳ ಅಂಗಳದಲ್ಲಿ ನೇರಳೆ ಬಣ್ಣದ ಲೈಲಾಕ್ ಹೂ ಬಿಡೋಕೆ ಶುರು. ಆ ವಾಸನೆ ಬೀದಿ ತುಂಬಾ.

ಫಲವಾಗಿ ಮಧ್ಯಯುಗದ ಗೋಡೆಯ ಸುಮಾರು 1.9 ಕಿಲೋಮೀಟರ್ ಇವತ್ತಿಗೂ ನಿಂತಿದೆ, ಜೊತೆಗೆ 20 ಬುರುಜುಗಳು. ಒಂದರ ಹೆಸರು ಕೀಕ್ ಇನ್ ಡೆ ಕೋಕ್. ಹಳೇ ಜರ್ಮನ್ನಿನಲ್ಲಿ 'ಅಡುಗೆಮನೆಗೆ ಇಣುಕು' ಅಂತ ಅರ್ಥ. ಬುರುಜಿನ ಮೇಲೆ ನಿಂತ ಕಾವಲುಗಾರರಿಗೆ ಕೆಳಗಿನ ಮನೆಗಳ ಅಡುಗೆ ಕಾಣ್ತಿತ್ತಂತೆ.

ಎಲ್ಲವೂ ಉಳೀತು ಅಂತ ಅಲ್ಲ. 1944ರ ಮಾರ್ಚ್ 9ರ ರಾತ್ರಿ, ಊರು ಜರ್ಮನ್ನರ ವಶದಲ್ಲಿದ್ದಾಗ, ಸೋವಿಯತ್ ವಿಮಾನಗಳು ಬಾಂಬ್ ಹಾಕಿದವು. ನೂರಾರು ಜನ ಸತ್ತರು. ಹಳೇ ಊರಿನ ಸುಮಾರು ಹತ್ತನೇ ಒಂದು ಭಾಗ ಹೋಯ್ತು. ನಿಗುಲಿಸ್ತೆ ಚರ್ಚು ಸುಟ್ಟಿತು. ಈಗ ಅದು ಮ್ಯೂಸಿಯಂ. ಅಲ್ಲಿ ಬರ್ನ್ಟ್ ನೋಟ್ಕೆ ಅನ್ನೋ ಕಲಾವಿದನ ಒಂದು ದೊಡ್ಡ ಚಿತ್ರ ಇದೆ, 15ನೇ ಶತಮಾನದ ಕೊನೆಯದ್ದು. ಪೋಪ್, ಚಕ್ರವರ್ತಿ, ಸಾಮ್ರಾಜ್ಞಿ, ರಾಜ, ಎಲ್ಲರ ಕೈ ಹಿಡಿದು ಅಸ್ಥಿಪಂಜರಗಳು ಕುಣೀತಾ ಇವೆ. ಸಾವಿನ ಕುಣಿತ ಅಂತ ಅದರ ಹೆಸರು. ಒಂದೇ ಒಂದು ಮ್ಯೂಸಿಯಂ ನೋಡೋಕೆ ಟೈಮ್ ಇದ್ರೆ ಇದಕ್ಕೆ ಹೋಗಿ.

ಯುದ್ಧ ಮುಗಿದ ಮೇಲೆ, ಸೋವಿಯತ್ ಆಡಳಿತದಲ್ಲೇ, 1966ರಲ್ಲಿ ಹಳೇ ಊರನ್ನ ಸಂರಕ್ಷಿತ ವಲಯ ಅಂತ ಘೋಷಿಸಿದರು. ಸೋವಿಯತ್ ಒಕ್ಕೂಟದಲ್ಲಿ ಇಂಥದ್ದು ಅದೇ ಮೊದಲು. 1980ರ ಮಾಸ್ಕೋ ಒಲಿಂಪಿಕ್ಸಿನ ಹಾಯಿದೋಣಿ ಸ್ಪರ್ಧೆ ಇಲ್ಲಿ ನಡೆದಾಗ ರಿಪೇರಿಗೂ ದುಡ್ಡು ಬಂತು. 1997ರಲ್ಲಿ ಯುನೆಸ್ಕೋ ಪಟ್ಟಿ.

ಲೆಡ್ಜರ್‌ನಲ್ಲಿ ಇಲ್ಲದವರು

ಇಲ್ಲಿಗೆ ನಿಲ್ಲಿಸಿದ್ರೆ ಇದು ಒಂದು ಚಂದದ ವ್ಯಾಪಾರದ ಕಥೆ. ಆದರೆ ಒಂದು ಎಂಟ್ರಿ ಬಾಕಿ ಇದೆ. ಆ ಉಪ್ಪಿನ ಮೂಟೆ ಹೊತ್ತವರು ಯಾರು?

ಬಹುಪಾಲು ಎಸ್ಟೋನಿಯನ್ನರೇ. ಅಂದ್ರೆ ಆ ಮಣ್ಣಿನ ಜನ. 1219ರಲ್ಲಿ ಡೆನ್ಮಾರ್ಕಿನ ರಾಜ ಬಂದು ಗೆದ್ದ. ಟಾಲಿನ್ ಅನ್ನೋ ಹೆಸರಿಗೇ 'ಡೇನರ ಊರು' ಅಂತ ಅರ್ಥ ಹೇಳ್ತಾರೆ. 1343ರಲ್ಲಿ ಎಸ್ಟೋನಿಯನ್ ರೈತರು ದಂಗೆ ಎದ್ದರು, ಅದನ್ನ ತುಳಿದು ಹಾಕಿದರು. 1346ರಲ್ಲಿ ಡೆನ್ಮಾರ್ಕಿನ ರಾಜ ಉತ್ತರ ಎಸ್ಟೋನಿಯಾವನ್ನ ಜರ್ಮನ್ ಟ್ಯೂಟಾನಿಕ್ ಸೈನಿಕ ಸಂಘಕ್ಕೆ ಮಾರಿಬಿಟ್ಟ. ಬೆಲೆ 19,000 ಬೆಳ್ಳಿ ಮಾರ್ಕ್. ಸೈಟ್ ಮಾರೋ ಹಾಗೆ ನಾಡನ್ನೇ ಮಾರೋದು. ಅಲ್ಲಿದ್ದ ಜನ ಆ ಕ್ರಯಪತ್ರದ ಜೊತೆ ಹೋದ್ರು.

ಗುಡ್ಡದ ಮೇಲೆ ಟೋಂಪಿಯಾ, ಅಲ್ಲಿ ಬಿಷಪ್ಪು, ಭೂಮಾಲೀಕ ಕುಲೀನರು. ಕೆಳಗೆ ವ್ಯಾಪಾರಿಗಳ ಊರು. ಎರಡನ್ನೂ ಸೇರಿಸೋದು 'ಉದ್ದ ಕಾಲು', 'ಗಿಡ್ಡ ಕಾಲು' ಅಂತ ಹೆಸರಿನ ಎರಡು ಏರುದಾರಿ. ಟಾಲಿನ್ ಕುಂಟು ಊರು ಅಂತ ಜನ ತಮಾಷೆ ಮಾಡೋದು ಅದಕ್ಕೇ. ರಾತ್ರಿ ಆದ್ರೆ ನಡುವಿನ ಬಾಗಿಲು ಬಂದ್. 19ನೇ ಶತಮಾನದ ಕೊನೆಯ ಭಾಗದವರೆಗೂ ಆಡಳಿತದಲ್ಲಿ ಇವು ಎರಡು ಬೇರೆ ಬೇರೆ ಊರು. ಎರಡೂ ಕಡೆ ಅಧಿಕಾರದ ಭಾಷೆ ಜರ್ಮನ್. ಎಸ್ಟೋನಿಯನ್ನರಿಗೆ ದೊಡ್ಡ ವ್ಯಾಪಾರಿ ಸಂಘದಲ್ಲಿ ಜಾಗ ಇಲ್ಲ. ಹಳೇ ದಾಖಲೆಗಳಲ್ಲಿ ಅವರಿಗಿದ್ದ ಹೆಸರು ಏನು ಗೊತ್ತಾ? 'ಜರ್ಮನ್ ಅಲ್ಲದವರು'. ತಮ್ಮದೇ ನೆಲದಲ್ಲಿ ತಾವು ಏನಲ್ಲವೋ ಅದೇ ಹೆಸರು.

ಹಾಗಂತ ಊರಿನ ಗೋಡೆಗೆ ಒಂದು ಒಳ್ಳೆಯ ಗುಣವೂ ಇತ್ತು. ಹಳ್ಳಿಯ ಜೀತದಿಂದ ಓಡಿ ಬಂದವನಿಗೆ ಊರು ಆಸರೆ ಕೊಡ್ತಿತ್ತು. 1535ರಲ್ಲಿ ಯೋಹಾನ್ ಊಕ್ಸ್‌ಕ್ಯೂಲ್ ಅನ್ನೋ ಕುಲೀನ ತನ್ನ ಜೀತದ ರೈತನನ್ನ ಕೊಂದಿದ್ದಕ್ಕೆ, ಪುರಸಭೆ ಅವನನ್ನ ಹಿಡಿದು ಮರಣದಂಡನೆ ಕೊಟ್ಟಿತು. ಕುಲೀನರು ಕೆಂಡಾಮಂಡಲ. ಒಬ್ಬ ಜೀತದಾಳಿನ ಸಾವಿಗೆ ಒಬ್ಬ ದೊರೆಯ ತಲೆ ಅನ್ನೋದು ಆ ಕಾಲಕ್ಕೆ ಸಣ್ಣ ವಿಷಯ ಅಲ್ಲ. ಹಳ್ಳಿಗಳಲ್ಲಿ ಜೀತ ಕಾನೂನಿನ ಪ್ರಕಾರ ರದ್ದಾಗಿದ್ದು 1816ರಲ್ಲಿ. ಪುರಸಭೆ ಚುನಾವಣೆಯಲ್ಲಿ ಎಸ್ಟೋನಿಯನ್ನರು, ರಷ್ಯನ್ನರ ಜೊತೆ ಸೇರಿ, ಜರ್ಮನ್ನರನ್ನ ಸೋಲಿಸಿದ್ದು 1904ರಲ್ಲಿ. 1219ರಿಂದ ಲೆಕ್ಕ ಹಾಕಿ. 685 ವರ್ಷ.

ಹಾಡಿದ ರಾತ್ರಿಗಳು

1918ರ ಫೆಬ್ರವರಿ 24ರಂದು ಎಸ್ಟೋನಿಯಾ ಸ್ವತಂತ್ರ ದೇಶ ಅಂತ ಘೋಷಿಸಿಕೊಂಡಿತು. 1940ರಲ್ಲಿ ಸೋವಿಯತ್ ಆಕ್ರಮಣ, 1941ರಿಂದ ನಾಜಿಗಳು, 1944ರಿಂದ ಮತ್ತೆ ಸೋವಿಯತ್. ನೀಲಿ, ಕಪ್ಪು, ಬಿಳಿ ಬಣ್ಣದ ದೇಶದ ಬಾವುಟ ನಿಷೇಧ.

ಈಗ ಬೆಳಕಿನ ರಾತ್ರಿಗೆ ವಾಪಸ್ ಬರೋಣ. 1988ರ ಜೂನ್. ಹಳೇ ಊರಿನಲ್ಲಿ ಪ್ರತಿವರ್ಷದ ಊರಹಬ್ಬ ನಡೀತು. ಹಬ್ಬ ಮುಗೀತು, ಆದರೆ ಕತ್ತಲೇ ಆಗ್ತಿಲ್ಲ, ಜನಕ್ಕೆ ಮನೆಗೆ ಹೋಗೋ ಮನಸ್ಸಿಲ್ಲ. ಗುಂಪುಗುಂಪಾಗಿ ಕಡಲ ಹತ್ತಿರದ ಹಾಡುಹಬ್ಬದ ಮೈದಾನಕ್ಕೆ ನಡೆದು ಹೋದ್ರು. ಅಲ್ಲಿ ಸೇರಿ ನಾಡಗೀತೆಗಳನ್ನ ಹಾಡೋಕೆ ಶುರು ಮಾಡಿದ್ರು. ಮರುದಿನ ರಾತ್ರಿ ಇನ್ನೂ ಹೆಚ್ಚು ಜನ. ಬಚ್ಚಿಟ್ಟಿದ್ದ ಬಾವುಟಗಳು ಹೊರಗೆ ಬಂದವು. ಕಲಾವಿದ ಹೈಂಜ್ ವಾಲ್ಕ್ ಇದಕ್ಕೆ 'ಹಾಡಿನ ಕ್ರಾಂತಿ' ಅಂತ ಹೆಸರಿಟ್ಟರು. 1989ರ ಆಗಸ್ಟ್ 23ಕ್ಕೆ ಟಾಲಿನ್‌ನಿಂದ ರೀಗಾ ದಾಟಿ ವಿಲ್ನಿಯಸ್‌ವರೆಗೆ, 600 ಕಿಲೋಮೀಟರಿಗೂ ಉದ್ದಕ್ಕೆ, ಸುಮಾರು 20 ಲಕ್ಷ ಜನ ಕೈ ಕೈ ಹಿಡಿದು ನಿಂತರು. 1991ರ ಆಗಸ್ಟ್ 20ರಂದು ಸ್ವಾತಂತ್ರ್ಯ ಮರಳಿ ಬಂತು.

ಇಲ್ಲಿಗೆ ಎಲ್ಲಾ ಸರಿಹೋಯ್ತು ಅಂತ ಹೇಳಿದ್ರೆ ಅದು ಅರ್ಧ ಸತ್ಯ. ಟಾಲಿನ್ನಿನಲ್ಲಿ ರಷ್ಯನ್ ಮಾತಾಡೋ ಜನ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಸೋವಿಯತ್ ಕಾಲದಲ್ಲಿ ಕೆಲಸಕ್ಕೆ ಅಂತ ಬಂದವರು, ಅವರ ಮಕ್ಕಳು, ಮೊಮ್ಮಕ್ಕಳು. 2007ರಲ್ಲಿ ಸೋವಿಯತ್ ಸೈನಿಕನ ಕಂಚಿನ ಪ್ರತಿಮೆಯನ್ನ ನಗರದ ಮಧ್ಯದಿಂದ ಸೈನಿಕರ ಸ್ಮಶಾನಕ್ಕೆ ಸಾಗಿಸಿದಾಗ ಇಲ್ಲಿ ಗಲಭೆ ಆಯ್ತು, ದೇಶದ ವೆಬ್‌ಸೈಟುಗಳ ಮೇಲೆ ಸೈಬರ್ ದಾಳಿ ಆಯ್ತು. ಟ್ರಾಮಿನಲ್ಲಿ ಒಂದು ಸೀಟಿನಲ್ಲಿ ಎಸ್ಟೋನಿಯನ್, ಹಿಂದಿನ ಸೀಟಿನಲ್ಲಿ ರಷ್ಯನ್. ಊರು ಯಾರದು ಅನ್ನೋ ಪ್ರಶ್ನೆ ಅಲ್ಲಿ ಇನ್ನೂ ಉಸಿರಾಡ್ತಾ ಇದೆ.

ಇನ್ನೊಂದು ಕಡೆ ಈಗ ಲಾಭ ಮತ್ತೆ ಬಂದಿದೆ. ಕ್ರೂಸ್ ಹಡಗು ಬಂದ ದಿನ ಬೆಳಗ್ಗೆ ಹತ್ತಕ್ಕೆ ಚೌಕದಲ್ಲಿ ಕಾಲಿಡೋಕೆ ಜಾಗ ಇಲ್ಲ. ಬೀದಿಗೆರಡು ಸುವೆನೀರ್ ಅಂಗಡಿ. ರಾತ್ರಿ ಹನ್ನೊಂದರ ಮೇಲೆ ನಡೆದರೆ ಮೇಲ್ಮಹಡಿಯ ಎಷ್ಟೋ ಕಿಟಕಿಗಳಲ್ಲಿ ದೀಪವೇ ಇಲ್ಲ. ಬಡತನದಲ್ಲಿ ಉಳಿದ ಊರು ಲಾಭದಲ್ಲೂ ಉಳಿಯುತ್ತಾ? ಕಲ್ಲು ಉಳಿಯುತ್ತೆ, ಅದಕ್ಕೆ ಕಾನೂನಿದೆ. ಜನ ಉಳೀಬೇಕಲ್ಲ.

ಹೋಗೋರಿಗೆ

ಕೆಲವು ಉಪಯೋಗದ ಮಾತು, ಬೇಗ ಬೇಗ. ನಮಗೆ ಶೆಂಗೆನ್ ವೀಸಾ ಬೇಕು, ದೊಡ್ಡವರಿಗೆ ಶುಲ್ಕ 90 ಯೂರೋ, ಸರ್ವೀಸ್ ಚಾರ್ಜ್ ಬೇರೆ. ಭಾರತದಿಂದ ನೇರ ವಿಮಾನ ಇಲ್ಲ. ಹೆಲ್ಸಿಂಕಿಗೆ ಹೋದವರು ಅಲ್ಲಿಂದ ಹಡಗಿನಲ್ಲಿ ಸುಮಾರು ಎರಡು ಗಂಟೆಯಲ್ಲಿ ತಲುಪಬಹುದು. ಕಡಲಿಂದ ಬರೋವಾಗ ಚರ್ಚಿನ ಶಿಖರಗಳು ಒಂದೊಂದಾಗಿ ಏಳೋದು ನೋಡೋಕೆ ಚಂದ. ಹಳೇ ಊರಿನ ಒಳಗೆ ಚಕ್ರದ ಟ್ರಾಲಿ ಬ್ಯಾಗ್ ಎಳೆದರೆ ಉರುಟು ಕಲ್ಲಿನ ಬೀದಿಯಲ್ಲಿ ನಿಮ್ಮ ಕೈಯೂ ಹೋಗುತ್ತೆ, ಚಕ್ರವೂ ಹೋಗುತ್ತೆ. ಬೆನ್ನಿಗೆ ಹಾಕೋ ಬ್ಯಾಗೇ ಸರಿ. ಸೇಂಟ್ ಓಲಾಫ್ ಚರ್ಚಿನ ಗೋಪುರ ಹತ್ತಿ, 232 ಮೆಟ್ಟಿಲು, ಇಕ್ಕಟ್ಟು, ಆದರೆ ಮೇಲಿಂದ ಇಡೀ ಊರು ಅಂಗೈಯಲ್ಲಿ. ಚೌಕ ನೋಡೋಕೆ ಬೆಳಗ್ಗೆ ಏಳಕ್ಕೇ ಹೋಗಿ, ಬೆಳಕು ಆಗಲೇ ಬಂದು ಮೂರು ಗಂಟೆ ಆಗಿರುತ್ತೆ. ಊಟ ಮಾತ್ರ ಬೆಳಕು ನೋಡಿ ಅಲ್ಲ, ಗಡಿಯಾರ ನೋಡಿ ಮಾಡಿ.

ಕೊನೆಯದು. ರಾತ್ರಿ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಟೋಂಪಿಯಾ ಗುಡ್ಡಕ್ಕೆ ಹೋಗಿ. ಅಲ್ಲಿ 'ಉದ್ದ ಹರ್ಮನ್' ಅನ್ನೋ ಬುರುಜು ಇದೆ. ಡೇನರು ಗೆದ್ದ ಗುಡ್ಡ ಅದು, ಅವರು ಮಾರಿದ ಮೇಲೆ ಜರ್ಮನ್ ಸೈನಿಕ ಸಂಘ ಕಟ್ಟಿಸಿದ ಬುರುಜು. ಆಮೇಲೆ ಯಾರ್ಯಾರು ಊರು ಗೆದ್ದರೋ ಅವರ ಬಾವುಟ ಅದರ ಮೇಲೆ ಹಾರಿದೆ. 1989ರ ಫೆಬ್ರವರಿ 24ರಂದು, ಸ್ವಾತಂತ್ರ್ಯ ಬರೋಕೆ ಇನ್ನೂ ಎರಡೂವರೆ ವರ್ಷ ಇರುವಾಗಲೇ, ಅಲ್ಲಿ ನೀಲಿ, ಕಪ್ಪು, ಬಿಳಿ ಬಾವುಟ ಮತ್ತೆ ಏರಿತು. ಈಗ ದಿನಾ ಸೂರ್ಯ ಹುಟ್ಟಿದಾಗ ಏರಿಸ್ತಾರೆ, ಮುಳುಗಿದಾಗ ಇಳಿಸ್ತಾರೆ. ಬೇಸಿಗೆ ಹತ್ತಿರ ಬಂದಾಗ ಮಾತ್ರ ಅದು ಪಾಲಿಸೋಕೆ ಆಗಲ್ಲ. ಹಾಗಾಗಿ ನಿಯಮ ಮಾಡಿದ್ದಾರೆ, ಬೆಳಗ್ಗೆ ಏಳಕ್ಕಿಂತ ಮುಂಚೆ ಏರಿಸೋದಿಲ್ಲ, ರಾತ್ರಿ ಹತ್ತರ ನಂತರ ಇಳಿಸೋದಿಲ್ಲ.

ನಾನು ಹೋದ ದಿನ ಅಲ್ಲಿ ಏಳೆಂಟು ಜನ ಇದ್ದಿರಬಹುದು. ಒಬ್ಬ ಅಜ್ಜಿ ನಾಯಿ ಜೊತೆ ಬಂದಿದ್ದರು. ಬಾವುಟ ನಿಧಾನಕ್ಕೆ ಇಳೀತು. ಅಜ್ಜಿ ನಿಂತು ನೋಡಿದರು, ನಾಯಿಯ ಹಗ್ಗ ಎಳೆದುಕೊಂಡು ಗಿಡ್ಡ ಕಾಲಿನ ಮೆಟ್ಟಿಲು ಇಳಿದು ಹೋದರು. ಆಕಾಶದಲ್ಲಿ ಇನ್ನೂ ಬೆಳಕಿತ್ತು.

ಇಷ್ಟೇ ಇವತ್ತಿಗೆ. ಮುಂದಿನ ವಾರ ಸಿಗೋಣ. ಅಲ್ಲಿವರೆಗೆ, ನಿಮ್ಮ ಊರಿನ ಹಳೇ ಪೇಟೆ ಬೀದಿಯಲ್ಲಿ ಒಮ್ಮೆ ನಡೆಯಿರಿ. ಯಾವ ಸರಕು ಆ ಬೀದಿ ಕಟ್ಟಿತು, ಅದನ್ನ ಹೊತ್ತವರು ಯಾರು ಅಂತ ಅಲ್ಲಿನ ಹಿರಿಯರನ್ನ ಕೇಳಿ. ಸಿಕ್ಕ ಉತ್ತರ ನನಗೂ ಒಂದು ವಾಯ್ಸ್ ನೋಟ್ ಮಾಡಿ ಕಳಿಸಿ.